ಜಲಬಾಧೆ ಮತ್ತು ಜರಿಪೇಟ

ನಮ್ಮ ಮನೆಯಲ್ಲಿ ಆ ಕೆಲಸಕ್ಕಿದ್ದ ಹೆಸರು ಜಲಬಾಧೆ. ಶಾಲೆಯಲ್ಲಿ ಮಕ್ಕಳು ಕಿರುಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತಿದ್ದರು, ಬೀದಿಯಲ್ಲಿ ಇನ್ನೂ ನೇರವಾದ ಮಾತುಗಳಿದ್ದವು. ಆದರೆ ತಲೆತಲಾಂತರದಿಂದ ಪಂಚಾಂಗ, ಅರಮನೆ, ಕಚೇರಿ ಎಂದು ಬಾಳಿದ ನಮ್ಮಂಥ ಮನೆತನದಲ್ಲಿ ಗಂಡಸರು “ಜಲಬಾಧೆ ತೀರಿಸಿಕೊಂಡು ಬರುತ್ತೇನೆ” ಎಂದು ಗಂಭೀರವಾಗಿ ಎದ್ದುಹೋಗುತ್ತಿದ್ದರು. ದೇವರು ಪುಕ್ಕಟೆಯಾಗಿ ಕೊಟ್ಟ ಒಂದು ಸುಖವನ್ನು ಬಾಧೆ ಎಂದು ಕರೆದವರು ಯಾರೋ ತಿಳಿಯದು. ಸಂಸ್ಕೃತದಲ್ಲಿ ಹೇಳಿಬಿಟ್ಟರೆ ಆ ಕೆಲಸವೂ ಮಡಿ ಉಟ್ಟುಕೊಳ್ಳುತ್ತದೆ ಎಂದು ನಮ್ಮವರು ನಂಬಿದ್ದಿರಬೇಕು. ಈ ಒಂದು ಪದದ ದೆಸೆಯಿಂದ ನಮ್ಮಪ್ಪ ತಮ್ಮ ಪ್ರಾಣಕ್ಕೇ ಸಂಚಕಾರ ತಂದುಕೊಂಡಿದ್ದರು.

ಅಪ್ಪ ಮೈಸೂರಿನ ಒಂದು ಕಚೇರಿಯಲ್ಲಿ ಶಿರಸ್ತೇದಾರರು. ಅಂದರೆ ಸಾಹೇಬರಿಗಿಂತ ಕೆಳಗೆ, ಮಿಕ್ಕ ಗುಮಾಸ್ತರಿಗಿಂತ ಬಹಳ ಮೇಲೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಎಳೆಯ ಗುಮಾಸ್ತರು ಬರಿತಲೆಯಲ್ಲಿ, ತೆರೆದ ಕುತ್ತಿಗೆಯ ಷರಟಿನಲ್ಲಿ ಕಚೇರಿಗೆ ಬರತೊಡಗಿದ್ದರು. ಅಪ್ಪನಿಗೆ ಮಾತ್ರ ಕಚ್ಚೆಪಂಚೆ, ಗಂಟಲವರೆಗೆ ಗುಂಡಿ ಹಾಕುವ ಕರಿಯ ಕೋಟು, ಆ ಕೋಟಿನ ಕುತ್ತಿಗೆಗೊಂದು ಕೊಕ್ಕೆ, ತಲೆಯ ಮೇಲೆ ಕಿವಿ ಮುಚ್ಚುವಂತೆ ಕೂರುವ ಜರಿಪೇಟ ಇಷ್ಟೂ ಆಗಬೇಕು. ಈ ವೇಷದಲ್ಲಿ ಜಲಬಾಧೆಗೆ ಹೋಗುವುದೆಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳದೆ ಹೋಗುವಂತಿಲ್ಲ. ಜನಿವಾರ ಷರಟಿನೊಳಗೆ, ಷರಟು ಕೋಟಿನೊಳಗೆ, ಕಿವಿ ಪೇಟದೊಳಗೆ. ಕೊಕ್ಕೆ ಕಳಚಬೇಕು, ಗುಂಡಿ ಬಿಚ್ಚಬೇಕು, ಪೇಟ ತೆಗೆಯಬೇಕು. ತೆಗೆದ ಪೇಟವನ್ನು ಆ ಜಾಗಕ್ಕೆ ಒಯ್ಯುವಂತಿಲ್ಲ. ಮೇಜಿನ ಮೇಲೆ ಇಟ್ಟು ಹೋದರೆ ಶಿರಸ್ತೇದಾರರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಇಡೀ ಕಚೇರಿಗೆ ಡಂಗುರ ಸಾರಿದಂತಾಯಿತು. ಮುಗಿಸಿ ಬಂದ ಮೇಲೆ ಕೈಕಾಲು ತೊಳೆದು ಬಾಯಿ ಮುಕ್ಕಳಿಸಬೇಕು, ಆದರೆ ಕಚೇರಿಯ ನೀರು ಯಾರ್ಯಾರು ಮುಟ್ಟಿದ್ದೋ.

ಅಪ್ಪ ಇದನ್ನು ಕಚೇರಿಯ ರೀತಿಯಲ್ಲೇ ಇತ್ಯರ್ಥ ಮಾಡಿದ್ದರು. ಜಮೆಯನ್ನೇ ನಿಲ್ಲಿಸಿದರೆ ಖರ್ಚಿನ ಮಾತೆಲ್ಲಿ ಬಂತು? ಬೆಳಿಗ್ಗೆ ಊಟದ ಜೊತೆ ಒಂದು ಲೋಟ ನೀರು ಕುಡಿದು ಹೊರಟರೆ ಸಂಜೆ ಮನೆಗೆ ಬಂದು ಕೋಟು ಕಳಚುವ ತನಕ ಒಂದು ಹನಿ ಮುಟ್ಟುತ್ತಿರಲಿಲ್ಲ. ಬೇಸಗೆಯಲ್ಲೂ ಅಷ್ಟೇ. ತುಟಿ ಒಣಗಿ ಬಿರಿದರೂ ಅದನ್ನು ಅವರು ಬಾಯಾರಿಕೆ ಎಂದು ಒಪ್ಪದೆ ಶಿಸ್ತು ಎನ್ನುತ್ತಿದ್ದರು.

ಸರಸ್ವತಿಪುರಂನಲ್ಲಿ ನಮ್ಮ ಬಾಡಿಗೆ ಮನೆ. ಮುಂದೆ ಜಗಲಿ, ನಡುವೆ ಪಡಸಾಲೆ, ಹಿಂದೆ ಉದ್ದನೆಯ ಹಿತ್ತಲು, ಹಿತ್ತಲಿನ ಕೊನೆಯಲ್ಲಿ ಕಕ್ಕಸು. ಬಚ್ಚಲು ಮನೆಯೊಳಗೇ ಇತ್ತು, ಆದರೆ ಅಲ್ಲಿ ಮಡಿನೀರಿನ ಹಂಡೆ ಕೂತಿದ್ದರಿಂದ ಆ ಕೆಲಸ ಅಲ್ಲಿ ನಿಷಿದ್ಧ. ಹಿತ್ತಲ ಗೋಡೆಯ ಆಚೆಗೆ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟ ಕೋಣೆಗಳಿದ್ದವು. ಅವುಗಳ ಕಿಟಕಿಗಳೆಲ್ಲ ನಮ್ಮ ಹಿತ್ತಲಿಗೇ ತೆರೆಯುತ್ತಿದ್ದವು. ಆ ಹುಡುಗರು ದಿನವಿಡೀ ಕಿಟಕಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅವರ ವಿದ್ಯಾಭ್ಯಾಸಕ್ಕೆ ನಮ್ಮಿಂದ ಭಂಗ ಬರಬಾರದೆಂದು ಅಮ್ಮನೂ ನಾನೂ ಬೆಳಕು ಹರಿಯುವ ಮುನ್ನ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಲಾಟೀನು ಹಿಡಿದು ಹೋಗಿ ಬರುತ್ತಿದ್ದೆವು. ಇದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಹೆಣ್ಣುಮಕ್ಕಳಿಗೆ ಇಂಥದ್ದು ಹೇಳದೆಯೇ ಬರುತ್ತದೆ.

ಒಂದು ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಎಡಗಡೆ ಬೆನ್ನಿನ ಕೆಳಗೆ ನೋವು ಶುರುವಾಯಿತು. ಬರುವುದು, ಹೋಗುವುದು, ಮತ್ತೆ ಬರುವುದು. ಅಮ್ಮನಿಗೂ ಆಗಾಗ ಸೊಂಟ ಹಿಡಿಯುತ್ತಿತ್ತು, ಆದರೆ ಹೆಂಗಸರಿಗೆ ಸೊಂಟ ಇರುವುದೇ ಹಿಡಿಯುವುದಕ್ಕೆ ಎಂದು ನಮ್ಮಲ್ಲಿ ತಿಳಿದಿದ್ದರು. ಅದಕ್ಕೆಲ್ಲ ಡಾಕ್ಟರು ಬೇಕಿರಲಿಲ್ಲ. ಶಿರಸ್ತೇದಾರರ ಬೆನ್ನಿನ ಮಾತು ಬೇರೆ. ಜಟಕಾ ಕರೆಸಿ ಜಯಲಕ್ಷ್ಮಿಪುರಂನ ಡಾಕ್ಟರ ಹತ್ತಿರ ಹೋದೆವು. ಹೊರದೇಶದಲ್ಲಿ ಓದಿ ಆಗಷ್ಟೇ ಬಂದಿದ್ದವರು ಅವರು. ದೊಡ್ಡವರ ಎದುರಿಗೆ ಯಾವ ಪದ ಬಳಸಬೇಕೆಂದು ಅವರಿಗೆ ಅವರ ಕಾಂಪೌಂಡರು ಹೇಳಿಕೊಟ್ಟಿದ್ದರಂತೆ.

“ಜಲಬಾಧೆ ಏನಾದ್ರೂ ಇದೆಯೇ?” ಎಂದು ಡಾಕ್ಟರು ಕೇಳಿದರು.

ಅಪ್ಪ ಕುರ್ಚಿಯಲ್ಲಿ ಇನ್ನೂ ಸ್ವಲ್ಪ ನೆಟ್ಟಗೆ ಕೂತರು. “ನನಗೆ ಅದೆಲ್ಲ ಏನೂ ಇಲ್ಲ ಡಾಕ್ಟರೇ. ಬೇಕಾದ್ರೆ ಕಚೇರಿಯಲ್ಲಿ ಯಾರನ್ನಾದ್ರೂ ಕೇಳಿ.”

ಡಾಕ್ಟರು ಬಾಧೆ ಇಲ್ಲ ಎಂದು ತಿಳಿದುಕೊಂಡರು. ಅಪ್ಪ ಹೇಳಿದ್ದು ಜಲವೇ ಇಲ್ಲ ಎಂದು. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾದ ಸಂತೋಷದಲ್ಲಿ ತಲೆಯಾಡಿಸಿದರು. ಹೀಗಾಗಿ ಆ ನೋವಿಗೆ ವಾಯು ಎಂದು ಹೆಸರಾಯಿತು. ಮೈಸೂರಿನಲ್ಲಿ ಹೆಸರು ಸಿಗದ ನೋವುಗಳೆಲ್ಲ ಕೊನೆಗೆ ವಾಯುವೇ. ಅಲ್ಲಿಂದ ಮುಂದೆ ಮನೆಯಲ್ಲಿ ಇಂಗು, ಓಮ, ಶುಂಠಿಗಳ ದರಬಾರು ನಡೆಯಿತು. ನೀರು ಹೆಚ್ಚು ಕುಡಿದರೆ ವಾಯು ಕೆರಳುತ್ತದೆ ಎಂದು ಯಾರೋ ಹೇಳಿದ ಮೇಲೆ ಅಪ್ಪ ಬೆಳಗಿನ ಆ ಒಂದು ಲೋಟವನ್ನೂ ಅರ್ಧಕ್ಕೆ ಇಳಿಸಿದರು.

ಆ ನೋವು ಸ್ಫೋಟವಾದದ್ದು ಕಚೇರಿಯ ವಾರ್ಷಿಕ ತನಿಖೆಯ ದಿನ. ಮೇಲಿನ ಅಧಿಕಾರಿಗಳ ಮುಂದೆ ಕಡತ ಹಿಡಿದು ನಿಂತಿದ್ದ ಅಪ್ಪ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದರಂತೆ. ಅವರನ್ನು ಇಬ್ಬರು ಗುಮಾಸ್ತರು ಜಟಕಾದಿಂದ ಇಳಿಸಿಕೊಂಡು ಬಂದಾಗ ನಾನು ಜಗಲಿಯಲ್ಲಿದ್ದೆ. ಅಪ್ಪನ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ಗುಮಾಸ್ತ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಪೇಟ. ಹೊರಗೆ ಬರಿತಲೆಯಲ್ಲಿ ಅಪ್ಪನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಪ್ಪ ಸತ್ತೇಹೋಗುತ್ತಾರೆ ಎಂದುಕೊಂಡು ಹೆದರಿ ಅತ್ತುಬಿಟ್ಟೆ.

ಡಾಕ್ಟರು ಮನೆಗೇ ಬಂದು ಸೂಜಿ ಚುಚ್ಚಿದರು. ಮಾರನೆಯ ದಿನ ನಮ್ಮನ್ನು ಕರೆಸಿಕೊಂಡು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಮೂತ್ರನಾಳದಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು.

“ಜಲಬಾಧೆ ಇಲ್ಲ ಅಂದಿದ್ರಲ್ಲ ನೀವು?” ಎಂದರು ಡಾಕ್ಟರು.

“ಇಲ್ಲ ಅಂತಲೇ ಅಂದೆ. ಹೊರಗೆ ಹೋದರೆ ಮನೆಗೆ ಬರೋ ತನಕ ನಾನು ಹೋಗೋದೇ ಇಲ್ಲ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದರು, ಮೈಯಲ್ಲಿ ಹಲವು ಬಗೆಯ ಲವಣಗಳಿರುತ್ತವೆ, ನೀರು ಸಾಕಷ್ಟಿದ್ದರೆ ಅವು ಕರಗಿ ಹೊರಗೆ ಹೋಗುತ್ತವೆ, ಇಲ್ಲದಿದ್ದರೆ ಬಚ್ಚಲ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವ ಹಾಗೆ ಕಟ್ಟಿಕೊಳ್ಳುತ್ತವೆ ಎಂದು. ನಮ್ಮ ಬಾವಿಯ ನೀರು ಗಡಸು, ಹಂಡೆಯ ಹಕ್ಕಳೆ ಕೆರೆಯುವವಳು ಅಮ್ಮ. ಅವಳಿಗೆ ತಕ್ಷಣ ಅರ್ಥವಾಯಿತು. ಉಪ್ಪು ಕಡಿಮೆ ಮಾಡಬೇಕು, ನಿಂಬೆಹಣ್ಣಿನ ನೀರು ಒಳ್ಳೆಯದು, ಎಳನೀರು ಒಳ್ಳೆಯದು, ಎಲ್ಲಕ್ಕಿಂತ ಮೊದಲು ಬರೀ ನೀರು, ಎದ್ದಾಗಿನಿಂದ ಮಲಗುವ ತನಕ, ಮೂತ್ರ ನೀರಿನಷ್ಟೇ ತಿಳಿಯಾಗುವಂತೆ. ದೀಪಾವಳಿಯ ಹೊತ್ತಿಗೆ ಕಲ್ಲು ತಾನಾಗಿ ಇಳಿದು ಬಂದರೆ ಸರಿ, ಇಲ್ಲವಾದರೆ ದೊಡ್ಡಾಸ್ಪತ್ರೆಯಲ್ಲಿ ಕುಯ್ದು ತೆಗೆಯಬೇಕು. ಕುಯ್ಯಿಸಿಕೊಂಡು ಮನೆಗೆ ಬಂದವರನ್ನು ನಾವು ನೋಡಿದ್ದೆವು, ಬಾರದವರನ್ನೂ ನೋಡಿದ್ದೆವು. ಹಿಂತಿರುಗುವಾಗ ಜಟಕಾದಲ್ಲಿ ಅಮ್ಮ ನನ್ನ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು. ಅಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಸರೀಕರೆಲ್ಲ ಬಣ್ಣಬಣ್ಣದ ಔಷಧಿ ಕುಡಿಯುತ್ತಿರುವಾಗ ತಮಗೆ ಬರೀ ನೀರು ಬರೆದುಕೊಟ್ಟದ್ದು ಅವರಿಗೆ ಅವಮಾನವಾಗಿತ್ತು. ಇದನ್ನು ಊಹಿಸಿಯೋ ಏನೋ ಡಾಕ್ಟರು ಪೊಟ್ಯಾಸಿಯಂ ಸಿಟ್ರೇಟ್ ಎಂಬ ಮಿಕ್ಸ್ಚರನ್ನೂ ಒಂದು ಸೀಸೆಯಲ್ಲಿ ಹಾಕಿಸಿ ಕೊಟ್ಟಿದ್ದರು. ಆ ಹೆಸರನ್ನು ಅಪ್ಪ ಕಂಠಪಾಠ ಮಾಡಿ, ಬಂದುಹೋಗುವವರಿಗೆಲ್ಲ ದೊಡ್ಡಮನೆಯ ನೆಂಟರ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು.

ಬಂದುಹೋಗುವವರಿಗೇನು ಕಡಿಮೆ? ಯಾರಿಗಾದರೂ ಕಾಯಿಲೆ ಎಂದರೆ ಮೈಸೂರಿನಲ್ಲಿ ಹಣ್ಣು ತರುವವರಿಗಿಂತ ಸಲಹೆ ತರುವವರೇ ಹೆಚ್ಚು. ಒಬ್ಬರು ಟೊಮೇಟೊ ಬಿಡಿ ಎಂದರು, ಇನ್ನೊಬ್ಬರು ಅನ್ನಕ್ಕೆ ಮೊದಲು ಮೂರು ಗುಟುಕು ತುಪ್ಪ ಎಂದರು. ನಿಂಬೆಹಣ್ಣಿನ ನೀರೇನೋ ಅಪ್ಪನಿಗೆ ಒಪ್ಪಿಗೆಯಾಯಿತು, ಆದರೆ ಉಪ್ಪಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಒಂದು ಹಿಡಿ ಉಪ್ಪು ಹಾಕಿಸಿಕೊಂಡು ಕುಡಿದರು. ಡಾಕ್ಟರು ಉಪ್ಪಿನಕಾಯಿ ಬೇಡ ಅಂದರೇ ಹೊರತು ಅದರ ರಸ ಬೇಡ ಅನ್ನಲಿಲ್ಲ ಎಂದು ರಸ ಬಡಿಸಿಕೊಂಡರು. ಕಾಫಿಯಲ್ಲೂ ನೀರೇ ಇರುವುದು ಎಂದು ಕಾಫಿಯನ್ನು ನೀರಿನ ಲೆಕ್ಕಕ್ಕೆ ಸೇರಿಸಿದರು. ಕಡತಗಳಲ್ಲಿ ಕೂದಲು ಸೀಳಿ ನುರಿತಿದ್ದ ಆ ಬುದ್ಧಿಯ ಮುಂದೆ ಡಾಕ್ಟರ ಮಾತು ಎಷ್ಟರದು?

ಪಕ್ಕದ ಮನೆಯಲ್ಲಿ ಒಬ್ಬರು ವಕೀಲರಿದ್ದರು. ಬೋಗಾದಿ ಕಡೆಯ ಒಕ್ಕಲು ಮನೆತನದವರು, ಹೊಲ ಗದ್ದೆ ಇನ್ನೂ ಅಲ್ಲೇ ಇತ್ತು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದ ಅವರು ಕಾಂಪೌಂಡಿನ ಗೋಡೆಯ ಹತ್ತಿರ ಬಂದರೆ ಊರಿನ ಮಾತಿಗೆ ಇಳಿಯುತ್ತಿದ್ದರು.

“ರಾಯರೇ, ಹುರುಳಿ ಕಟ್ಟು ಕುಡುದ್ಬುಡಿ. ನಮ್ಮಪ್ಪಯ್ಯಂಗೂ ಇಂಗೇ ಆಗಿತ್ತು ಕಣ್ರೀ, ಕಟ್ಟು ಕುಡುದ್ಮೇಲೆ ಕಲ್ಲು ಅಂಗೇ ಬಂದ್ಬುಡ್ತು.”

ಹುರುಳಿ ನಮ್ಮ ಅಡುಗೆಮನೆಗೆ ಬಂದ ಪದಾರ್ಥವಲ್ಲ. ಅಪ್ಪನ ಪ್ರಕಾರ ಅದು ಕುದುರೆಗಳಿಗೆ ಹೇಳಿದ್ದು. ಅದರ ಮೇಲೆ ವಕೀಲರ ಮನೆಯಲ್ಲಿ ಬೆಂದ ನೀರನ್ನು ಕುಡಿಯುವುದೆಂದರೆ ಮುಗಿಯಿತು. ಆದರೆ ಅಮ್ಮ ಕೇಳಲಿಲ್ಲ. ವಕೀಲರ ಹೆಂಡತಿಯೂ ಅವಳೂ ಗೋಡೆಯ ಮೇಲಿಂದ ಮುಚ್ಚಳ ಹಾಕಿದ ಪಾತ್ರೆಯನ್ನು ದಿನಾ ಬೆಳಿಗ್ಗೆ ದಾಟಿಸಿಕೊಂಡರು. ಅದು ಅಪ್ಪನ ಮುಂದೆ ಕಷಾಯ ಎಂಬ ಹೆಸರಿನಲ್ಲಿ ಹಾಜರಾಯಿತು. ಅಪ್ಪ ಮೂಸಿ ನೋಡಿದರು. ಗೊತ್ತಾಯಿತೆಂದು ನನಗೂ ಗೊತ್ತಾಯಿತು. “ಕಷಾಯ ಅಂದಮೇಲೆ ಕುಡೀಲೇಬೇಕಲ್ಲ” ಎಂದು ಕಣ್ಣು ಮುಚ್ಚಿಕೊಂಡು ಕುಡಿದರು. ಪ್ರಾಣಭಯ ಬಂದಾಗ ನಮ್ಮ ಮಡಿ ಹೆಸರು ಬದಲಾಯಿಸಿಕೊಳ್ಳುವ ವೇಗ ನೆನೆದು ನಾನು ಈಗಲೂ ನಗುತ್ತೇನೆ.

ಮಾಡಿಡುವ ಕೆಲಸವೆಲ್ಲ ಅಮ್ಮನದು. ಬಾಳೆದಿಂಡು ಹೆಚ್ಚಿ, ನಾರು ತೆಗೆದು, ರುಬ್ಬಿ, ಹಿಂಡಿ ರಸ ಮಾಡಬೇಕು. ಬಾರ್ಲಿ ಬೇಯಿಸಿ ಸೋಸಬೇಕು. ಗಂಟೆಗೊಮ್ಮೆ ಲೋಟ ತುಂಬಿಸಿ ಅಪ್ಪನ ಮುಂದೆ ಹಿಡಿಯಬೇಕು, ಅವರು ಸಿಡುಕಿದರೆ ಕೇಳಿಸಿಕೊಳ್ಳಬೇಕು. ಒಮ್ಮೊಮ್ಮೆ ರುಬ್ಬುವುದನ್ನು ನಿಲ್ಲಿಸಿ ಕಂಬಕ್ಕೆ ಒರಗಿ, ಸೊಂಟದ ಮೇಲೆ ಕೈಯೊತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಏನಮ್ಮ ಎಂದರೆ “ಏನಿಲ್ಲ, ಸೊಂಟ ಹಿಡ್ಕೊಂಡಿದೆ, ನೀನು ಆ ದಿಂಡು ಇಲ್ಲಿ ತಾ” ಎನ್ನುತ್ತಿದ್ದಳು.

ಇನ್ನೊಂದು ಪೇಚು ಬಂತು. ಕಲ್ಲು ಬಿದ್ದದ್ದು ತಿಳಿಯಬೇಕಾದರೆ ಪ್ರತಿ ಸಲವೂ ಬಟ್ಟೆಯಲ್ಲಿ ಸೋಸಿ ನೋಡಿ ಎಂದು ಡಾಕ್ಟರು ಹೇಳಿದ್ದರು. ಯಾವ ಬಟ್ಟೆ? ಅಪ್ಪ ಮನೆಯನ್ನೆಲ್ಲ ಹುಡುಕಿ, ತೆಳ್ಳಗೆ ಒತ್ತಾಗಿ ನೇಯ್ದದ್ದು ಇದೇ ಎಂದು ಕಾಫಿ ಸೋಸುವ ಬಟ್ಟೆಯನ್ನು ಆರಿಸಿದರು. ಅಪ್ಪನಿಗೆ ಎದುರು ಮಾತಾಡದ ಅಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಕೊನೆಗೆ ಅಪ್ಪನ ಕರವಸ್ತ್ರಗಳು ಆ ಸೇವೆಗೆ ನೇಮಕವಾದವು.

ಅಪ್ಪ ಕಾಯಿಲೆಗೆಂದು ಹಾಕಿದ್ದ ರಜೆ ಮುಗಿಯಿತು. ಕಚೇರಿಗೆ ಹೋದರೆ ಮತ್ತೆ ನೀರು ನಿಲ್ಲುತ್ತದೆ, ನೀರು ನಿಂತರೆ ಕಲ್ಲು ನಿಲ್ಲುತ್ತದೆ, ಕಲ್ಲು ನಿಂತರೆ ಕತ್ತಿ. ಅಮ್ಮ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜವನ್ನು ಹುಣಸೆಹಣ್ಣು ಹಾಕಿ ಬೆಳಗಿ, ನೀರು ತುಂಬಿಸಿ ಅಪ್ಪನ ಕೈಗೆ ಕೊಟ್ಟಳು. ಮುಟ್ಟುಚಿಟ್ಟು ತೀರಿತು. ಇನ್ನು ಕೋಟು. ಅಮ್ಮ ಅದನ್ನೂ ಒಳಗಿನ ಷರಟುಗಳನ್ನೂ ದರ್ಜಿಯ ಹತ್ತಿರ ತಾನೇ ತೆಗೆದುಕೊಂಡು ಹೋಗಿ ಕುತ್ತಿಗೆಯ ಪಕ್ಕ ಹೊಲಿಗೆಯಲ್ಲಿ ಒಂದೊಂದು ಸೀಳು ಬಿಡಿಸಿದಳು. ಬೆರಳು ತೂರಿಸಿದರೆ ಜನಿವಾರ ಸಿಗಬೇಕು, ನೋಡಿದವರಿಗೆ ಕಾಣಬಾರದು. ದರ್ಜಿ ಇದು ಯಾತಕ್ಕಮ್ಮ ಎಂದು ಕೇಳಿದ. ಗಾಳಿಗೆ ಎಂದಳು ಅಮ್ಮ.

ಪೇಟಕ್ಕೆ ಮಾತ್ರ ಉಪಾಯ ಸಿಗಲಿಲ್ಲ. ಕಿವಿ ಒಳಗಿದೆ, ತೆಗೆಯಲೇಬೇಕು. ಅಪ್ಪ ಮೊದಲ ದಿನ ಬೆವರುತ್ತಾ ಪೇಟವನ್ನು ಮೇಜಿನ ಮೇಲಿಟ್ಟು ಎದ್ದರಂತೆ. ವಾರ ಕಳೆಯುವಷ್ಟರಲ್ಲಿ “ಪೇಟ ಕೂತಿದೆ, ರಾಯರು ಎದ್ದಿದ್ದಾರೆ” ಎಂಬುದು ಗುಮಾಸ್ತರ ಬಾಯಲ್ಲಿ ಮಾತಾಯಿತು. ಅಷ್ಟು ಹೊತ್ತಿನಲ್ಲಿ ಆ ಗುಮಾಸ್ತರು ಒಂದೊಂದು ಬೀಡಿ ಮುಗಿಸಿ ಬರುತ್ತಿದ್ದರು. ಅರ್ಜಿ ಹಿಡಿದು ಬಂದ ಹಳ್ಳಿಯ ಮುದುಕರೊಬ್ಬರು ಬರೀ ಪೇಟಕ್ಕೇ ಕೈಮುಗಿದು ಕಾಯುತ್ತಾ ನಿಂತಿದ್ದರಂತೆ. ಇದನ್ನೆಲ್ಲ ಅಪ್ಪ ಮನೆಯಲ್ಲಿ ಹೇಳಿಕೊಂಡು ಕುದಿಯುತ್ತಿದ್ದರು. ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡುತ್ತಿದ್ದೆ. ಆದರೂ ಕುಡಿಯುವುದನ್ನು ಅವರು ಬಿಡಲಿಲ್ಲ. ಕತ್ತಿಯ ಭಯ ಪೇಟದ ಮಾನಕ್ಕಿಂತ ದೊಡ್ಡದಾಗಿತ್ತು, ಅದಕ್ಕೆ ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ.

ದೀಪಾವಳಿ ಹತ್ತಿರವಾದಂತೆ ಅಮ್ಮನ ಮುಖ ಸಣ್ಣಗಾಯಿತು. ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುತ್ತಿದ್ದ ಸಂಜೆ ಅಪ್ಪ ಕಚೇರಿಯಿಂದ ಹೊತ್ತಿಗೆ ಮುಂಚೆಯೇ ಬಂದರು. ಬಾಗಿಲಲ್ಲೇ ನಿಂತು ಕೋಟಿನ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಬಿಡಿಸಿದರು. ಅದರ ನಡುವೆ ಕಂದುಬಣ್ಣದ ಒಂದು ಹರಳಿತ್ತು. ಅಮ್ಮ ಕೈಯಲ್ಲಿದ್ದ ತೆಂಗಿನ ನಾರನ್ನು ಅಲ್ಲೇ ಬಿಟ್ಟು ದೇವರ ಮನೆಗೆ ಹೋಗಿ ಕೂತುಬಿಟ್ಟಳು. ಅಳುತ್ತಿದ್ದಳು.

ಅಪ್ಪನಿಗೆ ಸಂತೋಷದ ಜೊತೆಗೇ ಒಂದು ನಿರಾಸೆ. ಕಲ್ಲು ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತನಿಖೆಯ ದಿನ ತಮ್ಮನ್ನು ಅಧಿಕಾರಿಗಳ ಕಾಲ ಬುಡಕ್ಕೆ ಉರುಳಿಸಿದ್ದು ಇದೇ ಎಂದರೆ ಯಾರು ನಂಬುತ್ತಾರೆ? ಅದನ್ನು ಬೆಳ್ಳಿಯ ನಶ್ಯದ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟರು. ಹಬ್ಬಕ್ಕೆ ಬಂದವರಿಗೆಲ್ಲ ಮೊದಲು ಸಿಹಿ, ಆಮೇಲೆ ಡಬ್ಬಿ. ನೋಡುವಾಗ ಹತ್ತಿರ ಹಿಡಿದು ನೋಡಿ, ಮುಳ್ಳಿನಂಥ ಅಂಚುಗಳಿವೆ ಎಂದು ವಿವರಿಸುತ್ತಿದ್ದರು. ಹೇಳಿದಷ್ಟೂ ಸಲ ನೋವು ಬೆಳೆಯುತ್ತಾ ಹೋಯಿತು. ವಕೀಲರು ಒಂದು ಭಾನುವಾರ ಮಧ್ಯಾಹ್ನ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿ “ಹುರುಳಿ ಕಟ್ಟಿನ ಮಹಿಮೆ” ಎಂದರು. “ಪೊಟ್ಯಾಸಿಯಂ ಸಿಟ್ರೇಟ್” ಎಂದರು ಅಪ್ಪ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ನೀರಿನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ವಕೀಲರು ಹೋದ ಮೇಲೆ ಲೋಟ ತೆಗೆಯಲು ಅಮ್ಮ ಪಡಸಾಲೆಗೆ ಬಂದಳು. ಡಬ್ಬಿ ಇನ್ನೂ ತೆರೆದಿತ್ತು. ಕಲ್ಲು ಬಂದ ದಿನ ಅವಳು ಅದನ್ನು ಸರಿಯಾಗಿ ನೋಡಿರಲಿಲ್ಲ. ಈಗ ಬೆಳಕಿಗೆ ತಿರುಗಿಸಿ ನೋಡಿದಳು.

“ಕಲ್ಲು ಅಂದ್ರೆ ಇದೇನಾ?”

“ಇನ್ನೇನು ಬಂಡೆ ಬರಬೇಕಿತ್ತೇನೇ?” ಎಂದರು ಅಪ್ಪ.

“ಅಲ್ಲ, ಇಂಥವು ನನಗೆ ಆಗಾಗ ಹೋಗ್ತಿರುತ್ವೆ. ಹೋದ ಯುಗಾದಿ ಹಿಂದೆ ಹೋಗಿದ್ದು ಇದಕ್ಕಿಂತ ದೊಡ್ಡದಿತ್ತು. ಲಾಟೀನಿನ ಬೆಳಕಲ್ಲಿ ಚಪ್ಪಡಿ ಮೇಲೆ ಕಾಣಿಸ್ತು. ನೀರು ಹುಯ್ದು ಬಂದೆ.”

ಯುಗಾದಿಯ ಹಿಂದಿನ ವಾರ ನನಗೆ ನೆನಪಿತ್ತು. ಸೊಂಟ ಹಿಡಿದಿದೆ ಎಂದು ಅಮ್ಮ ಉಗ್ರಾಣದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಳು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ಸಂಜೆ ಎದ್ದು ಹೋಳಿಗೆಗೆ ಬೇಳೆ ಆರಿಸಿದ್ದಳು.

“ಯಾರಿಗೂ ಹೇಳಲಿಲ್ಲವಲ್ಲೇ ನೀನು” ಎಂದರು ಅಪ್ಪ. ಅವರ ದನಿ ಕಚೇರಿಯ ದನಿಯಾಗಿರಲಿಲ್ಲ.

“ಏನಂತ ಹೇಳ್ಲಿ? ನಿಮಗಾದ್ರೆ ಜಲಬಾಧೆ ಅಂತ ಒಂದು ಮಾತಿದೆ. ಹೆಂಗಸರು ಅದಕ್ಕೆ ಏನಂತಾರೆ?”

ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರು ಡಬ್ಬಿಯ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಅದನ್ನು ಮುಂದೆ ಯಾರಿಗೂ ತೋರಿಸಿದ್ದು ನಾನು ಕಾಣೆ. ಎದ್ದು ಒಳಗೆ ಹೋಗಿ, ತಮ್ಮ ಕೂಜದಿಂದ ತಾವೇ ಒಂದು ಲೋಟ ನೀರು ಬಗ್ಗಿಸಿ ತಂದು ಅಮ್ಮನ ಮುಂದೆ ಹಿಡಿದರು. ಅವರು ಯಾರಿಗಾದರೂ ನೀರು ತಂದುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಕುಡಿ.”

ಅಮ್ಮ ಎರಡೂ ಕೈಯಿಂದ ಲೋಟ ತೆಗೆದುಕೊಂಡಳು. ಹೊರಗೆ ಬಿಸಿಲು ಬೆಳ್ಳಗೆ ಬಿದ್ದಿತ್ತು. ಹಿತ್ತಲ ಗೋಡೆಯ ಆಚೆಯಿಂದ ಹುಡುಗರು ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು. ಅವಳು ಒಮ್ಮೆ ಆ ಕಡೆ ನೋಡಿ, ಲೋಟದ ಮೇಲೆ ಒಂದು ತಟ್ಟೆ ಮುಚ್ಚಿ ಕಿಟಕಿಯ ದಂಡೆಯ ಮೇಲಿಟ್ಟಳು.

“ಇಲ್ಲೇ ಇಟ್ಟಿರ್ತೀನಿ” ಎಂದಳು. “ಕತ್ತಲಾಗ್ಲಿ, ಕುಡೀತೀನಿ.”